ಬಟ್ಟಿನ ಅಡಿಯ ಸೀಸ

ಆ ದಿನ ಹೊತ್ತು ಏರಿದರೂ ಚಳಿ ಬಿಟ್ಟಿರಲಿಲ್ಲ. ಮಂಜು ಅನ್ನುವ ಹಾಗೂ ಇಲ್ಲ, ಮೋಡ ಅನ್ನುವ ಹಾಗೂ ಇಲ್ಲ. ಒಗೆದು ಹಿಂಡದೆ ಹರವಿದ ದುಪ್ಪಟಿಯಂಥ ಒಂದು ಬಿಳುಪು ಬೀದಿಯ ಮೇಲೆ ಜೋತುಬಿದ್ದಿತ್ತು. ಗಾಳಿ ಇರಲಿಲ್ಲ. ಎದುರು ಮನೆಯ ತಾರಸಿಯ ಮೇಲಿನ ಹೊಗೆ ಎದ್ದಲ್ಲೇ ನಿಂತು, ಎತ್ತ ಹೋಗಲಿ ಎಂದು ಯಾರ ಅಪ್ಪಣೆಗೋ ಕಾಯುತ್ತಿರುವಂತೆ ಕಾಣುತ್ತಿತ್ತು. ಅವನು ತನ್ನ ಸೈಕಲ್ ಅಂಗಡಿಯ ಷಟರಿಗೆ ಕೈ ಹಾಕಿದಾಗ ಅಂಗೈ ಕಬ್ಬಿಣಕ್ಕೆ ಅಂಟಿಕೊಂಡಂತಾಯಿತು. ಕೈಗೆ ಚಳಿಯಾಯಿತು ಎಂಬುದು ಅವನಿಗೆ ತಿಳಿಯಿತು, ಪಕ್ಕದ ಮನೆಯವರ ಸುದ್ದಿ ತಿಳಿಯುವ ಹಾಗೆ. ಈಚೆಗೆ ಎಲ್ಲವೂ ಹೀಗೇ. ಹಸಿವು ಹೊಟ್ಟೆಗೆ ಆಗುತ್ತಿತ್ತು, ನಿದ್ದೆ ಕಣ್ಣಿಗೆ ಬರುತ್ತಿತ್ತು. ಅವನ ತನಕ ಬಂದು ಮುಟ್ಟುವುದಕ್ಕೆ ಯಾವುದಕ್ಕೂ ದಾರಿ ಗೊತ್ತಿದ್ದಂತಿರಲಿಲ್ಲ. ಪಕ್ಕದ ಅಂಗಡಿಯ ದರ್ಜಿ ಹೊಲಿಗೆ ಯಂತ್ರದ ಮೇಲಿನ ಮುಸುಕು ತೆಗೆಯುತ್ತ ಇತ್ತ ಇಣುಕಿದ. “ಏನಪ್ಪಾ, ಇವತ್ತೂ ಮುಖಕ್ಕೆ ಇಸ್ತ್ರಿ ಹಾಕ್ಕೊಂಡೇ ಬಂದ್ಯಾ? ಒಂದು ಸುಕ್ಕಾದ್ರೂ ಬೀಳಿಸೋ ಮಾರಾಯ, ನೋಡೋರಿಗೆ ಭಯ ಆಗುತ್ತೆ.” ಅವನು ನಕ್ಕ. ನಗುವಾಗ ತುಟಿಯ ಎರಡು ತುದಿಗಳು ಎಷ್ಟು ಮೇಲೆ ಹೋಗಬೇಕೋ ಅಷ್ಟೇ ಹೋಗಿ, ಸಡಿಲ ಬ್ರೇಕಿನ ಹಿಡಿಯಂತೆ ತಮ್ಮಷ್ಟಕ್ಕೆ ಹಿಂದೆ ಬಂದವು.

ಅಣ್ಣನ ಮಗಳು ಬಂದದ್ದು ಆಗಲೇ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಹುಡುಗಿ ಎತ್ತರದಲ್ಲಿ ಅಪ್ಪನನ್ನು ದಾಟಿ ಬಹಳ ದಿನವಾಗಿದ್ದರೂ ಆ ಹೆಸರನ್ನು ದಾಟಿರಲಿಲ್ಲ. ತನ್ನ ಹಳೆಯ ಸೈಕಲ್ ತುಳಿಯುತ್ತ, ಇನ್ನೊಂದು ಸೈಕಲನ್ನು ಒಂಟಿ ಕೈಯಲ್ಲಿ ಹ್ಯಾಂಡಲ್ ಹಿಡಿದು ಪಕ್ಕದಲ್ಲೇ ಓಡಿಸಿಕೊಂಡು, ಕರುವನ್ನು ಹೊಡೆದುಕೊಂಡು ಬಂದಂತೆ ಬಂದಳು. ಬೆನ್ನಿನ ಚೀಲ ಭಾರಕ್ಕೆ ಕೆಳಗೆ ಜಗ್ಗಿತ್ತು. “ಚಿಕ್ಕಪ್ಪಾ, ಮೊದ್ಲು ಇದನ್ನ ಇಳಿಸ್ಕೋ. ಬೆನ್ನು ಮುರಿದೇ ಹೋಯ್ತು.” ಅವನು ಚೀಲ ಇಳಿಸಿ ಬಿಚ್ಚಿದ. ಹತ್ತು ಕಿಲೋದ ಹೊಸ ತೂಕದ ಬಟ್ಟು. ಮೇಲೆ ಬಳೆಯಂಥ ಹಿಡಿ. “ಅಮ್ಮ ಕೊಟ್ಟಿದ್ದು. ನಿನಗೆ ಇದು ಕೆಲಸಕ್ಕೆ ಬಂದ್ರೆ ಇಟ್ಕೋಬೇಕಂತೆ, ಹಳೇ ಬಟ್ಟು ವಾಪಸ್ ಕೊಡ್ಬೇಕಂತೆ. ತೂಕ ಸರಿಯಿದೆಯಾ ನೋಡಿ ಮುದ್ರೆ ಹಾಕೋ ಸಾಹೇಬ್ರು ಈ ವಾರ ಬರ್ತಾರಂತೆ. ತಾತನ ಕಾಲದ್ದು, ಅಪ್ಪ ಅದನ್ನ ಕೈ ಬಿಡ್ತಾ ಇರ್ಲಿಲ್ಲ, ಅದು ನಮ್ಮ ತಕ್ಕಡೀಲೇ ಇರ್ಲಿ ಅಂದ್ಲು.” ಅವಳು ಇದನ್ನೆಲ್ಲ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು. ಅವನು “ಹೂಂ” ಅಂದ. ನಾಳೆ ಕೊಡ್ತೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದು, ತನ್ನ ಹಳೆಯ ಜಾಗವನ್ನು ಗುರುತು ಹಿಡಿದು, ಅಲ್ಲೇ ಕುಳಿತುಕೊಂಡಿತು.

ಅಣ್ಣನದು ಗುಜರಿ ಅಂಗಡಿ. ಹಳೆಯ ಕಾಗದ, ಮುರಿದ ಕಬ್ಬಿಣ, ಹಿತ್ತಾಳೆ, ತಗಡು. ಬಂದದ್ದೆಲ್ಲ ಮೊದಲು ತಕ್ಕಡಿಗೆ ಹೋಗಬೇಕು. ಬೆಳಿಗ್ಗೆ ತಕ್ಕಡಿ ಮುಟ್ಟುವ ಮೊದಲು ಅಣ್ಣ ಕೈ ತೊಳೆದು ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅಪ್ಪನಿಂದ ಬಂದ ರೂಢಿ ಅದು. “ನಾವು ತೂಗ್ತೀವಿ ಅಂತ ನಾವು ಅಂದ್ಕೊಂಡಿರ್ತೀವಿ ಕಣೋ, ತೂಗೋನು ಬೇರೆ ಇದಾನೆ,” ಎಂದು ಅಪ್ಪ ಹೇಳುವಾಗ ಚಿಕ್ಕವನಾಗಿದ್ದ ಇವನು ಮಾಡಿನ ಕಡೆ ನೋಡುತ್ತಿದ್ದ. ಅಲ್ಲಿ ತಕ್ಕಡಿಯ ಕೊಕ್ಕೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಹೆಂಚು, ಹೆಂಚಿನ ಸಂದಿಯಲ್ಲಿ ಒಂದು ಬೆಳಕಿನ ಚೂರು. ಅಷ್ಟು ಸಣ್ಣ ಸಂದಿಯಿಂದ ಅವನಿಗೆ ಎಲ್ಲ ಕಾಣಿಸುತ್ತದೆಯೆ ಎಂದು ಕೇಳಿ ಒಮ್ಮೆ ಏಟು ತಿಂದಿದ್ದ. ಏಟು ತಿಂದ ಕೆನ್ನೆಯನ್ನು ಅಣ್ಣ ರಾತ್ರಿ ಊಟದ ಹೊತ್ತಿಗೆ ಕದ್ದು ಸವರಿ, “ಇರ್ಲಿ ಬಿಡು” ಅಂದಿದ್ದ. ಅಣ್ಣನ ಬಾಯಲ್ಲಿ ಆ ಎರಡು ಮಾತು ಎಲ್ಲ ಗಾಯಕ್ಕೂ ಒಂದೇ ಮುಲಾಮು.

“ಶುರು ಮಾಡು ಚಿಕ್ಕಪ್ಪ. ನನ್ನ ಹಳೇ ಸೈಕಲಿನ ಮೀಟರು ಬಿಚ್ಚಿ ಇದಕ್ಕೆ ಹಾಕು.”

“ಇರು. ಚಳೀಲಿ ಬಂದಿದೆ. ಒಳಗಿನ ಬಿಸಿಗೆ ಹೊಂದ್ಕೊಳ್ಳಲಿ.”

ಪವರ್ ಮೀಟರಿನ ಸ್ವಭಾವ ಅದು. ಸೈಕಲಿನ ಎಡಗಡೆಯ ಕ್ರ್ಯಾಂಕಿನ, ಅಂದರೆ ಪೆಡಲನ್ನು ಹಿಡಿದಿರುವ ತೋಳಿನ, ಬೆನ್ನಿಗೆ ಮರಕ್ಕೆ ಕಚ್ಚಿದ ಬಸವನಹುಳದಂತೆ ಅಂಟಿಕೊಂಡಿರುವ ಪುಟ್ಟ ಪೆಟ್ಟಿಗೆ. ಕಾಲು ಪೆಡಲನ್ನು ಒತ್ತಿದಾಗ ಕ್ರ್ಯಾಂಕ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ಹಿಡಿದು, ತುಳಿಯುವವರ ಕಾಲಿನಲ್ಲಿ ಎಷ್ಟು ಬಲವಿದೆ ಎಂದು ಫೋನಿಗೆ ಹೇಳುತ್ತದೆ. ಆದರೆ ಲೋಹ ಚಳಿಗೆ ಬಿಗಿದುಕೊಳ್ಳುತ್ತದೆ, ಬಿಸಿಗೆ ಸಡಿಲುತ್ತದೆ. ಹೊರಗಿನಿಂದ ಬಂದ ತಕ್ಷಣ ಕೇಳಿದರೆ ಅದು ಕಾಲಿನ ಲೆಕ್ಕ ಹೇಳುವುದಿಲ್ಲ, ಚಳಿಯ ಲೆಕ್ಕ ಹೇಳುತ್ತದೆ. ಆದ್ದರಿಂದ ಕಾಯಬೇಕು. ಈ ಕೆಲಸದಲ್ಲಿ ಅವನಿಗೆ ಹಿಡಿಸಿದ್ದು ಈ ಕಾಯುವುದೊಂದೇ. ಯಾರೂ ಏನನ್ನೂ ಕೇಳದೆ ಒಂದು ವಸ್ತುವಿನ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬಹುದು, ಅದಕ್ಕೂ ಕೆಲಸವೆಂದೇ ಹೆಸರು.

ಹುಡುಗಿ ಟೈರುಗಳ ಗುಡ್ಡೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದಳು. ಅವಳು ಸೈಕಲ್ ರೇಸಿನ ತಂಡಕ್ಕೆ ಆರಿಸಿಕೊಳ್ಳುವ ಪರೀಕ್ಷೆಗೆ ಹೋಗಿ ಸೋತು ಬಂದದ್ದು ಅವನಿಗೆ ಗೊತ್ತಿತ್ತು. ಹೇಗೆಂದು ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಈಗ ತಾನಾಗಿ ಹೇಳಿದಳು, ನೆಲದ ಮೇಲಿನ ಎಣ್ಣೆಯ ಕಲೆಗೆ ಹೇಳುವಂತೆ. “ದೊಡ್ಡ ಹಾಲು. ನಿಂತಲ್ಲೇ ತುಳಿಯೋ ಯಂತ್ರ. ನೀನು ಎಷ್ಟು ಹೊತ್ತು ಎಷ್ಟಕ್ಕೆ ತುಳೀತೀಯ ಹೇಳು ಅಂದ್ರು ಕೋಚ್. ನಾನು ನಂದು ಹೇಳ್ದೆ. ದಿನಾ ನನ್ನ ಮೀಟರು ತೋರಿಸೋದನ್ನೇ ಹೇಳ್ದೆ, ಜಾಸ್ತಿ ಏನಲ್ಲ. ಅಷ್ಟಕ್ಕೇ ಇಟ್ರು. ಅರ್ಧ ಆಗೋವಾಗ ಕಾಲು ಹೋಯ್ತು ಚಿಕ್ಕಪ್ಪ. ಹೋಯ್ತು ಅಂದ್ರೆ, ಇತ್ತು, ಆದ್ರೆ ನಂದಲ್ಲ ಅನ್ನೋ ಹಾಗೆ. ಕೆಳಗಿಳಿದು ಮಂಡಿ ಊರಿದೆ. ಆಮೇಲೆ ಕೋಚ್ ಟವೆಲ್‌ಗೇ ವಾಂತಿ ಮಾಡ್ಕೊಂಡೆ. ಅವರು ಟವೆಲ್ಲನ್ನ ಎರಡು ಬೆರಳಲ್ಲಿ ಹಿಡ್ಕೊಂಡು, ‘ಬಂದ್ರು ನೋಡಿ, ಮನೆ ಮೀಟರಿನ ಮಹಾರಾಣಿ’ ಅಂದ್ರು. ಎಲ್ಲಾ ನಕ್ಕರು. ನಂಗೂ ನಗು ಬಂತು ಗೊತ್ತಾ, ಅಲ್ಲೇ ಕೂತ್ಕೊಂಡು.” ಅವಳು ಒಂದು ಟೈರಿನ ಸೀಳಿನಿಂದ ಕಲ್ಲಿನ ಚೂರನ್ನು ಉಗುರಿನಲ್ಲಿ ಕೀಳತೊಡಗಿದಳು. “ನಾಳೆ ಇನ್ನೊಂದ್ಸಲ ಬಾ ಅಂದಿದಾರೆ. ಏರು ರಸ್ತೇಲಿ, ಕ್ಲಬ್ಬಿನ ಸೈಕಲ್ಲು, ನಂದೇ ಮೀಟರು. ಅದಕ್ಕೇ ಹಳೇದ್ರಿಂದ ಬಿಚ್ಚಿ ಇದಕ್ಕೆ ಹಾಕು ಅಂದಿದ್ದು. ಆದ್ರೆ ನಂಗೆ ಗೊತ್ತು. ಅಪ್ಪ ಹೋದ್ಮೇಲೆ ನಾನು ಒಳಗಿಂದ ಖಾಲಿ ಆಗಿದೀನಿ. ನಾಳೇನೂ ಹಾಗೇ ಆದ್ರೆ ಸಾಕು ಬಿಡು. ಅಮ್ಮನ ಪಕ್ಕ ಕೂತು ತಗಡು ತೂಗ್ತೀನಿ.”

ಏನಾದರೂ ಹೇಳಬೇಕಿತ್ತು. ಹಾಗಲ್ಲ ಪುಟ್ಟಿ ಎಂದಾದರೂ ಹೇಳಬಹುದಿತ್ತು. ಅವನು ಎದ್ದು ಹಳೆಯ ಸೈಕಲಿನ ಕ್ರ್ಯಾಂಕ್ ಬಿಚ್ಚತೊಡಗಿದ. ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸಡಿಲಿಸಿ, ತುದಿಯ ಮುಚ್ಚಳ ತಿರುಗಿಸಿ, ಮೆಲ್ಲಗೆ ಎಳೆದ; ಕ್ರ್ಯಾಂಕ್ ಒಂದು ಸಣ್ಣ ನಿಟ್ಟುಸಿರು ಬಿಟ್ಟು ಕೈಗೆ ಬಂತು. ಅಣ್ಣನನ್ನು ಕಳಿಸಿಕೊಡುವ ದಿನವೂ ಹೀಗೆ ಎಲ್ಲರೂ ಏನೇನೋ ಹೇಳುತ್ತಿದ್ದರು, ಅಳುತ್ತಿದ್ದರು. ಅವನು ಅಣ್ಣನನ್ನು ಮಲಗಿಸಿದ್ದ ಗಾಡಿಯ ಹಿಂದೆ ನಡೆಯುತ್ತ ಅದರ ಎಡಗಡೆಯ ಗಾಲಿಯನ್ನೇ ನೋಡುತ್ತಿದ್ದ. ಗಾಲಿ ಓಲಾಡುತ್ತಿತ್ತು. ಎರಡು ಕಡ್ಡಿ ಬಿಗಿ ಮಾಡಿದರೆ ನೇರವಾಗುತ್ತದೆ, ಕಡ್ಡಿ ಬಿಗಿಯುವ ಕೀಲಿ ಜೇಬಿನಲ್ಲೇ ಇದೆ, ಇಲ್ಲಿ ನಿಲ್ಲಿಸಿ ಎನ್ನಲೆ ಎಂದು ದಾರಿಯುದ್ದಕ್ಕೂ ಯೋಚಿಸಿದ. ಯಾರೋ ಹಿರಿಯರು ಅವನ ಭುಜ ತಟ್ಟಿ, “ಗಟ್ಟಿಗ ನೀನು” ಎಂದರು. ಆ ಗಾಲಿ ಈಗಲೂ ಎಲ್ಲೋ ಓಲಾಡುತ್ತ ಯಾರನ್ನೋ ಹೊತ್ತುಕೊಂಡು ಹೋಗುತ್ತಿರಬೇಕು. ಅವನು ಕ್ಲಬ್ಬಿನ ಸೈಕಲಿನ ಅಚ್ಚನ್ನು ಬಟ್ಟೆಯಿಂದ ಒರೆಸಿ, ಉಗುರಿನಷ್ಟು ಗ್ರೀಸ್ ಹಚ್ಚಿ, ಕ್ರ್ಯಾಂಕನ್ನು ಹಲ್ಲಿಗೆ ಹಲ್ಲು ಕೂಡಿಸಿ ತಳ್ಳಿದ. ಬೋಲ್ಟುಗಳನ್ನು ಇದಕ್ಕೆ ಸ್ವಲ್ಪ ಅದಕ್ಕೆ ಸ್ವಲ್ಪ, ಜಗಳವಾಡುವ ಇಬ್ಬರು ಮಕ್ಕಳಿಗೆ ತಿಂಡಿ ಹಂಚುವ ಹಾಗೆ, ಬಿಗಿ ಅಳೆಯುವ ರೆಂಚು ‘ಕಟಕ್’ ಅನ್ನುವ ತನಕ ತಿರುಗಿಸಿದ.

ಮೊದಲು ಸೊನ್ನೆ ಹಿಡಿಯಬೇಕು. ಸೈಕಲನ್ನು ಸ್ಟ್ಯಾಂಡಿಗೆ ಏರಿಸಿ, ಕ್ರ್ಯಾಂಕನ್ನು ನೇರ ಕೆಳಗೆ ಇಳಿಬಿಟ್ಟು, ಪೆಡಲಿನ ಮೇಲೆ ಏನೂ ಇಲ್ಲದಾಗ ಮೀಟರಿಗೆ ಹೇಳಬೇಕು: ನೋಡು, ಇದೇ ಸೊನ್ನೆ, ಇದರಿಂದಾಚೆ ಬಂದದ್ದನ್ನೆಲ್ಲ ಭಾರವೆಂದು ತಿಳಿ. ಅವನು ಫೋನಿನಲ್ಲಿ ಒತ್ತಿದ. ಸರಿ ಎಂಬಂತೆ ಹಸಿರು ಬಂತು. ಆಮೇಲೆ ಕೈ ತೆಗೆದಾಗ ಸಂಖ್ಯೆ ಸೊನ್ನೆಯಿಂದ ಕೆಳಕ್ಕೆ ಬಿತ್ತು. ಅವನು ಅರೆಕ್ಷಣ ಅದನ್ನೇ ನೋಡಿದ. ಅಷ್ಟು ಹೊತ್ತು ತನ್ನ ಎಡಗೈ ಕ್ರ್ಯಾಂಕಿನ ಮೇಲೆ ಭಾರ ಬಿಟ್ಟುಕೊಂಡು ಒರಗಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೀಟರು ಮಾತ್ರ ದೂರು ಹೇಳಿರಲಿಲ್ಲ. ಈ ಭಾರವನ್ನೇ ಇಲ್ಲವೆಂದು ತಿಳಿ ಎಂದರೆ ಆಗಲಿ ಎಂದು ತಿಳಿದಿತ್ತು. ಅವನಿಗೆ ಈ ಯಂತ್ರದ ಮೇಲೆ ಇದ್ದಕ್ಕಿದ್ದಂತೆ ಒಂದು ಬಗೆಯ ನಂಟು ಅನ್ನಿಸಿತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೊಡ್ಡವರ ಮುಂದೆ ನಿಂತವನಂತೆ ನಿಂತು, ಮತ್ತೆ ಸೊನ್ನೆ ಹಿಡಿದ.

ಆಮೇಲೆ ಬಟ್ಟು. ಕ್ರ್ಯಾಂಕನ್ನು ನೆಲಕ್ಕೆ ಸಮನಾಗಿ ಚಾಚಿ ನಿಲ್ಲಿಸಿ, ಪೆಡಲಿನ ಜಾಗಕ್ಕೆ ಗೊತ್ತಿರುವ ತೂಕವನ್ನು ನೇತುಹಾಕಿ, ಮೀಟರು ಅಷ್ಟೇ ಹೇಳುತ್ತದೆಯೋ ಎಂದು ನೋಡಬೇಕು. ರೂಢಿಯ ಕೈ ಬೆಂಚಿನ ಕೆಳಗಿನಿಂದ ಹಳೆಯ ಬಟ್ಟನ್ನೇ ಎತ್ತಿ ತೂಗುಹಾಕಿತು. ಫೋನಿನಲ್ಲಿ ಹತ್ತು ಎಂದು ಬಂತು. ಹತ್ತಕ್ಕೆ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಡುಗಿ ಅವನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. “ನೋಡ್ದ್ಯಾ? ಮೀಟರ್ ಸರಿಯಾಗೇ ಇದೆ. ಸರಿಯಿಲ್ಲದ್ದು ನಾನೇ.” ಆ ದನಿಯಲ್ಲಿ ಅಳುವಿರಲಿಲ್ಲ, ಅಂಗಡಿ ಮುಚ್ಚುವವರ ದನಿ ಇತ್ತು. ತನ್ನ ಜರ್ಸಿಯ ಜಿಪ್ ಕಿತ್ತುಹೋಗಿದೆ, ದರ್ಜಿಯ ಹತ್ತಿರ ಹಾಕಿಸಿಕೊಂಡು ಬರುತ್ತೇನೆ ಎಂದು ಹೊರಟಳು.

ಅವನು ಹಳೆಯ ಬಟ್ಟನ್ನು ಇಳಿಸಿದ. ಹೊಸದನ್ನು ಬೆಂಚಿನ ಕೆಳಗೆ ಸರಿಸಲೆಂದು ಎತ್ತಿದವನು, ಅದಕ್ಕೆ ಹಿಡಿ ಇದ್ದುದರಿಂದ, ಕೊಕ್ಕೆ ಇದ್ದಲ್ಲಿ ಅಂಗಿ ನೇತುಹಾಕುವಷ್ಟೇ ಯೋಚನೆಯಿಲ್ಲದೆ ಅದನ್ನೂ ಪೆಡಲಿನ ಜಾಗಕ್ಕೆ ತಗುಲಿಸಿದ. ಹತ್ತೂವರೆ. ಬಟ್ಟು ತೂಗಾಡುವುದು ನಿಲ್ಲಲಿ ಎಂದು ಕಾದ. ನಿಂತಿತು. ಹತ್ತೂವರೆ. ಇಳಿಸಿ ಬಗ್ಗಿ ನೋಡಿದ. ಮುದ್ರೆ ಹೊಸದು, ಅಂಚು ಇನ್ನೂ ಹರಿತ. ಹಳೆಯದನ್ನು ಮತ್ತೆ ತೂಗುಹಾಕಿದ. ಹತ್ತು. ಹೊಸದು. ಹತ್ತೂವರೆ. ಗೋಡೆಯಾಚೆ ದರ್ಜಿ ಹೇಳುತ್ತಿದ್ದ: “ಏನಮ್ಮಾ ಇದು, ಅಂಗಿನೋ ತೊಗಲೋ? ಇಷ್ಟು ಬಿಗಿ ಹಾಕ್ಕೊಂಡ್ರೆ ಉಸಿರು ಎಲ್ಲಿಂದ ಬರ್ಬೇಕು?” ಹುಡುಗಿ ಏನೋ ಹೇಳಿ ನಕ್ಕಳು. ಅವನು ಹಳೆಯ ಬಟ್ಟನ್ನು ನೆಲದ ಮೇಲಿಟ್ಟು ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

ಆ ಬಟ್ಟನ್ನು ಅಣ್ಣನೇ ಹೆಗಲ ಮೇಲೆ ಹೊತ್ತು ತಂದಿದ್ದ. ಮಗಳಿಗಾಗಿ ಯಾರೋ ಬಳಸಿ ಬಿಟ್ಟ ಮೀಟರೊಂದನ್ನು ಕೊಂಡಿದ್ದ ದಿನ. ಬಳಸಿದವರ ಕೈಯಲ್ಲಿ ಅದರ ಲೆಕ್ಕವೆಲ್ಲ ಅಳಿಸಿಹೋಗಿತ್ತು, ಸರಿಯಾದ ತೂಕವೊಂದನ್ನು ತೋರಿಸಿ ಅದಕ್ಕೆ ಮೊದಲಿನಿಂದ ಹೇಳಿಕೊಡಬೇಕಾಗಿತ್ತು. “ಮಗಳ ಕಾಲು ತೂಗೋಕೂ ನಮ್ಮ ಬಟ್ಟೇ ಬೇಕಾಯ್ತೇನೋ!” ಎಂದು ಅಣ್ಣ ಹೆಗಲು ಉಜ್ಜಿಕೊಳ್ಳುತ್ತ ನಕ್ಕಿದ್ದ. ಹಳೆಯ ಎರಕ, ಹಿಡಿ ಇಲ್ಲ, ಬಳೆ ಇಲ್ಲ, ಬೆರಳು ಸಿಕ್ಕಿಸುವಷ್ಟು ಎರಡು ಗುಳಿ. ಹಗ್ಗ ಕಟ್ಟಿದರೆ ಜಾರುತ್ತಿತ್ತು. ಅಣ್ಣ ಅದನ್ನು ಇಳಿಸಿ ತನ್ನ ಅಂಗಡಿಗೆ ಮರಳಿದ ಮೇಲೆ ಇವನು ಕೊಕ್ಕೆ ಕೂರಿಸಲೆಂದು ಮೇಲುಗಡೆ ಡ್ರಿಲ್ ಹಿಡಿದ. ಕಬ್ಬಿಣ ಅದರ ಮೂತಿಯನ್ನೇ ಮುರಿಯಿತು. ತಿರುವಿ ಹಾಕಿದಾಗ ಅಡಿಯಲ್ಲಿ ಒಂದು ದೊಡ್ಡ ಕುಳಿ, ಕುಳಿಯ ತುಂಬ ಮೆತ್ತಗಿನ ಬೂದು ಲೋಹ. ಎರಕದಲ್ಲಿ ಬಿದ್ದ ತೂತನ್ನು ಯಾರೋ ಸೀಸದಿಂದ ಮುಚ್ಚಿದ್ದಾರೆ ಎಂದುಕೊಂಡ. ಉಳಿ ಹಾಕಿ ಮೀಟಿದ. ಕೋಳಿಮೊಟ್ಟೆಯಷ್ಟು ಸೀಸ ಇಡಿಯಾಗಿ ಕಳಚಿ ಕೈಗೆ ಬಂತು. ಕುಳಿಯಲ್ಲಿ ಕೊಕ್ಕೆಯ ಬುಡ ನಿಲ್ಲಿಸಿ, ಕಲ್ಲಿನಂತೆ ಗಟ್ಟಿಯಾಗುವ ಅಂಟು ಸುರಿದ. ತಲೆಕೆಳಗಾಗಿ ಸೊಗಸಾಗಿ ನೇತಾಡಿತು. ಮೀಟರಿಗೆ ಹತ್ತು ಎಂದು ಹೇಳಿಕೊಟ್ಟದ್ದು ಅದನ್ನೇ ತೂಗುಹಾಕಿ. ತಕ್ಕಡಿಯ ಮನೆಯಲ್ಲಿ ಹುಟ್ಟಿ, ಬಟ್ಟುಗಳ ನಡುವೆ ಅಂಬೆಗಾಲಿಟ್ಟವನಿಗೆ, ಬಟ್ಟು ಸವೆದಂತೆ ಅದರ ತೂಕ ತುಂಬಿಕೊಡುವುದಕ್ಕೆಂದೇ ಆ ಸೀಸ ಇರುವುದು, ಸಾಹೇಬರು ಮುದ್ರೆ ಒತ್ತುವುದೂ ಅದರ ಮೇಲೆಯೇ ಎಂದು ಹೊಳೆದದ್ದು ಆಮೇಲೆ, ಎಷ್ಟೋ ದಿನದ ಮೇಲೆ, ಅಣ್ಣ ಬಂದು “ಬಟ್ಟು ಕೊಡೋ, ಮುದ್ರೆಗೆ ಕರೆದಿದಾರೆ” ಎಂದಾಗ. ಆಗಲೂ ಹೊಳೆದದ್ದು ಅಷ್ಟೇ: ಮುದ್ರೆ ಹಾಳು ಮಾಡಿದ್ದೇನೆ, ಬೈಸಿಕೊಳ್ಳಬೇಕು. ಮೀಟರಿನ ನೆನಪೇ ಬರಲಿಲ್ಲ. ನಾಚಿಕೆ ಬಂದಾಗ ಮನುಷ್ಯನಿಗೆ ತನ್ನ ಮುಖದ ಹೊರತು ಬೇರೇನೂ ಕಾಣುವುದಿಲ್ಲವಷ್ಟೆ. “ನಾಳೆ ಕೊಡ್ತೀನಿ,” ಅಂದ. ಅಣ್ಣ ಬರಿಗೈಯಲ್ಲಿ ಹೋದ. ಮುದ್ರೆಯ ಸಾಲಿನಲ್ಲಿ ಎಲ್ಲ ಅಂಗಡಿಯವರ ಎದುರಿಗೆ ಸಾಹೇಬರು, “ಹತ್ತು ಕಿಲೋ ಎಲ್ರೀ? ಇಷ್ಟು ದಿನ ಗಾಳಿ ಇಟ್ಟು ತೂಗ್ತಿದ್ರಾ?” ಎಂದು ಕೇಳಿದ್ದು, ಜನ ನಕ್ಕಿದ್ದು, ಅಪ್ಪನ ಹೆಸರೆತ್ತಿ ಒಬ್ಬ ಆಡಿಕೊಂಡದ್ದು ದರ್ಜಿಯ ಬಾಯಿಂದ ಇವನಿಗೆ ಗೊತ್ತಾಯಿತು. ಅಣ್ಣ ಹೇಳಲಿಲ್ಲ. ಅದಾಗಿ ಒಂದು ಮಧ್ಯಾಹ್ನ ಊಟಕ್ಕೆ ಎದ್ದವನು ಎದೆ ಹಿಡಿದುಕೊಂಡು ಕಾಗದದ ಕಟ್ಟುಗಳ ಮೇಲೆ ಒರಗಿದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರೆ ಯಾರಾದರೂ ಒಪ್ಪಬೇಕಿತ್ತು. ಆದರೆ ಡಾಕ್ಟರನ್ನು ಯಾರೂ ಕೇಳಿರಲಿಲ್ಲ. ಇವನೊಬ್ಬನೇ ಮನಸ್ಸಿನಲ್ಲಿ ದಿನಾ ಕೇಳುತ್ತಿದ್ದ.

ಸೀಸದ ತುಂಡು ಬೆಂಚಿನ ಮೇಲೆಯೇ ಇತ್ತು, ಎದುರಿಗೇ. ಬೋಲ್ಟಿನ ತಿರುಪಿನ ಗೆರೆ ಕೆಡದ ಹಾಗೆ ಬಡಿಯುವುದಕ್ಕೆ ಅಡಿಗೆ ಇಟ್ಟುಕೊಳ್ಳಲು ಮೆತ್ತಗಿದೆಯೆಂದು ಅವನು ಅದನ್ನೇ ದಿನವೂ ಬಳಸುತ್ತಿದ್ದ. ಬಡಿದು ಬಡಿದು ಅದು ದಪ್ಪ ಬಿಸ್ಕತ್ತಿನಂತೆ ಚಪ್ಪಟೆಯಾಗಿತ್ತು. ಮೇಲುಮುಖದ ತುಂಬ ಸುತ್ತಿಗೆಯ ಗುಳಿಗಳು. ಅವನು ಅದನ್ನು ಎತ್ತಿ ಮಗುಚಿದ. ಕೆಳಮುಖ ಸಾಪಾಗಿತ್ತು. ಅದರ ನಡುವೆ ಮುದ್ರೆ, ಸ್ವಲ್ಪ ಹರಡಿದ್ದರೂ, ಇತ್ತು. ಅವನು ಒಮ್ಮೆಯೂ ಮುದ್ರೆ ನೋಡಿ ಇಟ್ಟವನಲ್ಲ. ಸಾಲಿನಲ್ಲಿ ನಿಂತು ಬಂದ ಮಾರನೆಯ ದಿನವೋ ಅದರ ಮರುದಿನವೋ ಅಣ್ಣ ಅಂಗಡಿಗೆ ಬಂದಿದ್ದ, ಬಟ್ಟಿನ ಮಾತೆತ್ತಲಿಲ್ಲ, ಹುಡುಗಿಯ ಟೈರಿನ ಮಾತಾಡುತ್ತ ಬೆಂಚಿನ ಮೇಲಿನ ಸೀಸವನ್ನು ಸುಮ್ಮನೆ ಕೈಗೆ ತೆಗೆದುಕೊಂಡ, ಬೆರಳಿನಿಂದ ಅದರ ಮೇಲಿನ ಧೂಳು ಸವರಿದ, ಮಗುಚಿ ಮತ್ತೆ ಇದ್ದಲ್ಲೇ ಇಟ್ಟ. “ಇರ್ಲಿ ಬಿಡು,” ಅಂದ. ಟೈರಿಗೆ ಹೇಳಿದ್ದೆಂದು ಇವನು ತಿಳಿದಿದ್ದ. ಅಲ್ಲಿಂದೀಚೆ ಬಿದ್ದ ಏಟೆಲ್ಲ ಬಿದ್ದದ್ದು ಮುದ್ರೆಯಿಲ್ಲದ ಬದಿಗೆ.

ಏನೂ ಆಗಲಿಲ್ಲ. ಕಣ್ಣಿಗೆ ನೀರು ಬರಬಹುದೆಂದು ಅವನು ಎದುರು ನೋಡಿದ, ಬರಲಿಲ್ಲ. ಹೊಲಿಗೆ ಯಂತ್ರ ಓಡಿ ನಿಂತಿತು, ಮತ್ತೆ ಓಡಿತು. ಹುಡುಗಿ ತಿರುಗಿ ಬರುವುದರೊಳಗೆ ಹೊಸ ಬಟ್ಟನ್ನು ತೂಗುಹಾಕಿ ಮೀಟರನ್ನು ಸರಿಮಾಡಿ ಸುಮ್ಮನಿದ್ದುಬಿಡಬಹುದು. ಆದರೆ ಸರಿಯಾದ ಮೀಟರು ಅವಳಿಗೆ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ತಾನು ಇನ್ನಷ್ಟು ಖಾಲಿಯಾದೆ ಎಂದು ಅವಳು ನಾಳೆ ಏರು ಹತ್ತುವ ಮೊದಲೇ ಇಳಿದುಬಿಡುತ್ತಾಳೆ. ಸರಿಮಾಡದೆ ಬಿಟ್ಟರೆ, ಇಲ್ಲದ ಬಲವನ್ನು ನಂಬಿ ಮೊದಲ ತಿರುವಿನಲ್ಲೇ ಎಲ್ಲ ಸುರಿದು, ಮತ್ತೆ ಮಂಡಿಯೂರುತ್ತಾಳೆ. ಯಾವ ಕಡೆಯಿಂದ ನೋಡಿದರೂ ಸುಮ್ಮನಿರುವುದಕ್ಕೆ ಜಾಗವಿರಲಿಲ್ಲ. ಅವನು ಬೆಂಕಿಯುಗುಳುವ ಪಂಪನ್ನು ಹಚ್ಚಿ ಕೊಕ್ಕೆಯ ಬುಡಕ್ಕೆ ಹಿಡಿದ. ಅಂಟು ಗಬ್ಬು ನಾತ ಬೀರುತ್ತ ಮೆತ್ತಗಾಯಿತು. ಕೊಕ್ಕೆ ಕಿತ್ತು, ಕುಳಿಯನ್ನು ಕೆರೆದು, ಬಟ್ಟೆಯಲ್ಲಿ ಒರೆಸಿದ. ಬಟ್ಟು ಬಾಯಿ ತೆರೆದುಕೊಂಡು ಮಾಡು ನೋಡುತ್ತ ಕುಳಿತಿತು. ಹೊಸ ಬಟ್ಟನ್ನು ತೂಗುಹಾಕಿ ಮೀಟರಿಗೆ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಇದು ಹತ್ತು ಎಂದು ಹೇಳಿಕೊಟ್ಟ. ಸೀಸವನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ತೊಡೆಗೆ ತಣ್ಣಗೆ ತಾಗಿತು.

“ಏನದು ವಾಸನೆ?” ಎನ್ನುತ್ತ ಬಂದಳು ಹುಡುಗಿ. ಉತ್ತರಕ್ಕೆ ಕಾಯದೆ ಸೈಕಲನ್ನು ನಿಂತಲ್ಲೇ ತುಳಿಯುವ ರೋಲರಿನ ಮೇಲೆ ಏರಿಸಿ ತುಳಿಯತೊಡಗಿದಳು. ಮೈ ಬಿಸಿಯಾದ ಮೇಲೆ ಬಿಡದೆ ಒಂದೇ ಹದಕ್ಕೆ ತುಳಿದಳು. ಉಸಿರು ಕಟ್ಟುವ ಹೊತ್ತಿಗೆ ಹ್ಯಾಂಡಲಿನ ಮೇಲಿನ ಸಂಖ್ಯೆಯನ್ನು ನೋಡಿದಳು. ನೋಡಿದವಳು ತುಳಿಯುವುದನ್ನು ನಿಲ್ಲಿಸಲಿಲ್ಲ, ಕಾಲು ತಾನೇ ನಿಧಾನವಾಯಿತು. “ಇನ್ನೂ ಕಮ್ಮಿ ಆಯ್ತು,” ಅಂದಳು. “ಇಷ್ಟಕ್ಕೇ ಏದುಸಿರು ಬರ್ತಿದೆ ನಂಗೆ.”

“ಮೀಟರ್ ಈಗ ಸರಿ ಮಾಡ್ದೆ.”

“ಅದೇ ಅಲ್ವಾ ನಾನೂ ಹೇಳಿದ್ದು. ಅದು ಸರಿಯಾಗಿದೆ.”

ಅವರ ಮನೆಯಲ್ಲಿ ಮಾತಿಗೆ ಯಾವತ್ತೂ ಬೆಲೆ ಇರಲಿಲ್ಲ. ಅಪ್ಪ ಗಿರಾಕಿಯ ಜೊತೆ ವಾದಿಸುತ್ತಿರಲಿಲ್ಲ, “ತಕ್ಕಡಿ ಹತ್ರ ಬನ್ನಿ” ಎನ್ನುತ್ತಿದ್ದ. “ನಡಿ ಪುಟ್ಟಿ,” ಅಂದ. “ನಿಮ್ಮ ಅಂಗಡಿ ತನಕ ಹೋಗೋಣ. ಹೊಸ ಬಟ್ಟು ನೀನು ಎತ್ಕೋ.” ಅವಳು ಗೊಣಗುತ್ತ ಚೀಲ ಹೆಗಲಿಗೇರಿಸಿದಳು. ಅವನು ಹಳೆಯದನ್ನು ಎದೆಗೆ ಅವಚಿಕೊಂಡು ಹೊರಟ. ದರ್ಜಿ ಹಿಂದಿನಿಂದ ಕೂಗಿದ: “ಏನೋ ಅದು, ಕೂಸು ಎತ್ಕೊಂಡ ಹಾಗೆ ಎತ್ಕೊಂಡಿದೀಯ? ಹಾಲು ಕುಡಿಸಿದ್ಯಾ ಅದಕ್ಕೆ?” ಬೀದಿಯ ಬಿಳುಪು ಇನ್ನೂ ಎದ್ದಿರಲಿಲ್ಲ. ತಿರುವಿನ ಹತ್ತಿರ ಉಸಿರು ಕಟ್ಟಿ ಅವನು ನಿಂತಾಗ ಹುಡುಗಿ, “ಕೊಡು ಇಲ್ಲಿ, ಅದನ್ನೂ ನಾನೇ ಹೊರ್ತೀನಿ,” ಅಂದಳು. “ಇದು ಬೇಡ,” ಅಂದ.

ಗುಜರಿ ಅಂಗಡಿಯಲ್ಲಿ ಅತ್ತಿಗೆ ಕಾಗದದ ಕಟ್ಟಿಗೆ ಹುರಿ ಸುತ್ತುತ್ತಿದ್ದಳು. ಇವನು ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುವ ಕಾಲಕ್ಕೆ ಈ ಮನೆಗೆ ಬಂದವಳು. ಇವನ ಮುಖ ನೋಡಿ ಏನು ಮುರಿದುಕೊಂಡು ಬಂದಿದ್ದಾನೆ ಎಂದು ಹೇಳಬಲ್ಲವಳು. ಬಟ್ಟನ್ನೂ ನೋಡಿದಳು, ಅವನನ್ನೂ ನೋಡಿದಳು. “ಕೂತ್ಕೋ,” ಅಂದಳು.

“ಅತ್ತಿಗೆ, ಒಂದ್ಸಲ ಇವೆರಡನ್ನೂ ತೂಗ್ಬೇಕು. ನೀವೇ ತೂಗಿ.”

ಅವಳು ಯಾಕೆಂದು ಕೇಳಲಿಲ್ಲ. ಬಕೆಟ್ಟಿನ ನೀರಿನಲ್ಲಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ಅವಳೂ ಹಾಗೆ ಮಾಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಹೊಸ ಬಟ್ಟನ್ನು ಒಂದು ತಟ್ಟೆಯಲ್ಲಿಟ್ಟಳು, ಹಳೆಯದನ್ನು ಇನ್ನೊಂದರಲ್ಲಿ. ಸರಪಳಿ ಕಿರುಗುಟ್ಟಿತು. ಹೊಸದು ಇಳಿಯಿತು. ಹಳೆಯ ಬಟ್ಟು, ತಾತನ ಕಾಲದ ಬಟ್ಟು, ಅಣ್ಣ ಕೈ ಬಿಡದಿದ್ದ ಬಟ್ಟು, ಹಗುರಾದವರಿಗೆ ಆಗುವ ನಾಚಿಕೆಯಿಂದ ಮೇಲೆ ಹೋಗಿ ನಿಂತಿತು.

ಹುಡುಗಿ ನೋಡುತ್ತಿದ್ದಳು. “ಇದೇನು? ಹತ್ತಕ್ಕೆ ಹತ್ತು ಇರ್ಬೇಕಲ್ವಾ?”

“ಇಲ್ಲ. ಅದರ ಅಡಿಯ ಸೀಸ ನಾನು ತೆಗೆದಿದ್ದೆ, ಕೊಕ್ಕೆ ಹಾಕೋಕೆ. ಅಷ್ಟು ಹಗುರ ಆಗಿತ್ತು. ಅದನ್ನೇ ನಿನ್ನ ಪೆಡಲಿಗೆ ತೂಗುಹಾಕಿ ಇದು ಹತ್ತು ಅಂತ ಮೀಟರಿಗೆ ಹೇಳ್ಕೊಟ್ಟಿದ್ದೆ. ಮೊದಲಿಂದ್ಲೂ.” ಅವನ ದನಿ ಬೇರೆಯವರ ಸರದಿ ಕೂಗುವವನ ದನಿಯಂತೆ ಸಪಾಟಾಗಿತ್ತು. “ಮೊದಲಿಂದ್ಲೂ ಅದು ಜಾಸ್ತಿ ಹೇಳ್ತಿತ್ತು ಪುಟ್ಟಿ. ಅಪ್ಪ ಇದ್ದಾಗ್ಲೂ. ಇವತ್ತು ಕಂಡಿದ್ದೇ ನಿಂದು. ಆಗ್ಲೂ ಅಷ್ಟೇ ಇತ್ತು, ಈಗ್ಲೂ ಅಷ್ಟೇ ಇದೆ. ನೀನು ಖಾಲಿ ಆಗಿಲ್ಲ.”

ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಿವಿಯ ತನಕ ಕೆಂಪಾಯಿತು. “ಅಷ್ಟೂ ಜನದ ಎದುರಿಗೆ ವಾಂತಿ ಮಾಡ್ಕೊಂಡೆ ನಾನು,” ಅಂದಳು. “ಮಹಾರಾಣಿ ಅಂದ್ರು. ದಿನಾ ರಾತ್ರಿ ಮಲಗಿ ನನ್ನ ಕಾಲು ಮುಟ್ಟಿ ಮುಟ್ಟಿ ನೋಡ್ಕೋತಿದ್ದೆ, ಎಲ್ಲಿ ಸೋರಿ ಹೋಯ್ತು ಅಂತ.” ಅವನು ತಲೆಯಾಡಿಸಿದ. ಹೊಡೆದಿದ್ದರೂ ತಲೆಯಾಡಿಸುತ್ತಿದ್ದ. ಅವಳು ತಿರುಗಿ ಬಾಗಿಲಿಗೆ ಹೋಗಿ, ಬೀದಿ ನೋಡುತ್ತ ನಿಂತಳು. ಬೆನ್ನು ಏರಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಅತ್ತಲೇ ಮುಖ ಮಾಡಿಕೊಂಡು, ಮೂಗೆಳೆದು, “ಹಾಗಾದ್ರೆ ನಾಳೆ ಮೊದಲ ತಿರುವಲ್ಲಿ ಎಷ್ಟಕ್ಕೆ ಹೋಗ್ಲಿ?” ಎಂದು ಕೇಳಿದಳು.

“ಇವತ್ತಿನದಕ್ಕಿಂತ ಒಂಚೂರು ಕೆಳಗೆ. ಕೊನೇಲಿ ಮಿಕ್ಕಿರುತ್ತೆ, ಆಗ ಬಿಡು.”

“ಮಿಕ್ಕಿರುತ್ತಾ?”

“ಇರುತ್ತೆ.”

ಅತ್ತಿಗೆ ಇಷ್ಟು ಹೊತ್ತೂ ತಕ್ಕಡಿಯ ದಂಡ ಹಿಡಿದುಕೊಂಡೇ ನಿಂತಿದ್ದಳು. ಅವನು ಜೇಬಿಗೆ ಕೈ ಹಾಕಿ ಸೀಸದ ತುಂಡು ತೆಗೆದು, ಮುದ್ರೆಯ ಬದಿ ಮೇಲಾಗಿ, ಅವಳ ಅಂಗೈಯಲ್ಲಿಟ್ಟ. ಆ ಮುದ್ರೆಯನ್ನು ಅವಳು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

“ಬೆಚ್ಚಗಿದೆ,” ಅಂದಳು.

ಆಮೇಲೆ ಅದನ್ನು ಹಳೆಯ ಬಟ್ಟಿನ ಪಕ್ಕಕ್ಕೆ ಇಟ್ಟು ಕೈ ಬಿಟ್ಟಳು. ತಟ್ಟೆಗಳು ಒಂದು ಸಲ ಅತ್ತ, ಒಂದು ಸಲ ಇತ್ತ ಓಲಾಡಿದವು. ಮುಳ್ಳು ನಡುವಿಗೆ ಬಂದು, ಸೀಸ ಸುತ್ತಿಗೆಯ ಏಟಿಗೆ ಸವೆದಷ್ಟು, ಒಂದು ಕೂದಲಿನಷ್ಟು ಈಚೆಗೆ ನಿಂತಿತು.